ವಿಳಾಸ ನೀಡುವ ಸರ್ವರ್‌ನ ಮೌನ: ವರ್ತಕರು ನಿತ್ಯ ಮಾಡಿಸಬೇಕಾದ ಒಂದು ಪರೀಕ್ಷೆ

ವ್ಯಾಪಾರ ವಹಿವಾಟಿನ ಗಣಕೀಕರಣವು ಇಂದು ದೊಡ್ಡ ಉದ್ಯಮಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಸಗಟು ಮಳಿಗೆಯ ಬಿಲ್ಲಿಂಗ್‌ನಿಂದ ಹಿಡಿದು ಗೋದಾಮಿನ ದಾಸ್ತಾನು, ಇ-ವೇ ಬಿಲ್, ಇ-ಇನ್‌ವಾಯ್ಸ್, ಬ್ಯಾಂಕ್ ಪಾವತಿ, ನೌಕರರ ಹಾಜರಿ ಹಾಗೂ ತಿಂಗಳ ಜಿಎಸ್‌ಟಿ ವಿವರಪಟ್ಟಿಗಳವರೆಗೆ ಬಹುತೇಕ ಎಲ್ಲ ಕೆಲಸಗಳೂ ಕಚೇರಿಯೊಳಗಿನ ಜಾಲವನ್ನು ಆಧರಿಸಿವೆ. ಆದರೂ ನಗದು ಪೆಟ್ಟಿಗೆಯನ್ನು ಪ್ರತಿ ಸಂಜೆ ಎಣಿಸುವ, ಬ್ಯಾಂಕ್ ಖಾತೆಯನ್ನು ಪ್ರತಿ ತಿಂಗಳು ತಾಳೆ ನೋಡುವ ವರ್ತಕರು ಈ ಜಾಲದ ಆರೋಗ್ಯವನ್ನು ಮಾತ್ರ ಕೆಟ್ಟು ನಿಂತ ದಿನವೇ ವಿಚಾರಿಸುತ್ತಾರೆ. ಕೆಟ್ಟು ನಿಂತ ದಿನ ಸಾಮಾನ್ಯವಾಗಿ ಗಡುವಿನ ದಿನವೂ ಆಗಿರುತ್ತದೆ ಎಂಬುದು ಅನುಭವಸ್ಥರಿಗೆ ತಿಳಿದ ಸಂಗತಿ.

ಉದಾಹರಣೆಗೆ, ಮೂವತ್ತು ಗಣಕಯಂತ್ರಗಳಿರುವ ಒಂದು ಸಗಟು ವ್ಯಾಪಾರದ ಕಚೇರಿಯನ್ನು ಊಹಿಸಿಕೊಳ್ಳಬಹುದು. ತಿಂಗಳ 20ನೇ ತಾರೀಖಿನ ಬೆಳಿಗ್ಗೆ ಲೆಕ್ಕಪತ್ರ ವಿಭಾಗದ ಆರು ಯಂತ್ರಗಳು ಜಾಲಕ್ಕೆ ಸೇರುವುದಿಲ್ಲ. ಉಳಿದವು ಎಂದಿನಂತೆ ಕೆಲಸ ಮಾಡುತ್ತಿವೆ. ಮಾಲೀಕರು ಅಂತರ್ಜಾಲ ಸೇವಾ ಸಂಸ್ಥೆಗೆ ದೂರು ನೀಡುತ್ತಾರೆ. ಸಂಸ್ಥೆಯವರು ತಮ್ಮ ಲೈನ್ ಸರಿಯಾಗಿದೆ ಎನ್ನುತ್ತಾರೆ, ಅದು ನಿಜವೂ ಆಗಿರುತ್ತದೆ. ನಿರ್ವಹಣಾ ಗುತ್ತಿಗೆಯ ತಂತ್ರಜ್ಞರು ಮಧ್ಯಾಹ್ನ ಬಂದು, ಯಾವುದೋ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ, ‘ಸರಿಪಡಿಸಲಾಯಿತು’ ಎಂದು ಚೀಟಿ ಬರೆದು ಹೋಗುತ್ತಾರೆ. ಯಾವುದು ಕೆಟ್ಟಿತ್ತು, ಎಂದಿನಿಂದ ಕೆಟ್ಟಿತ್ತು ಎಂಬುದು ಯಾರಿಗೂ ತಿಳಿಯದು. ಇಂತಹ ಪ್ರಕರಣಗಳಲ್ಲಿ ಅನೇಕ ವೇಳೆ ಮೌನವಾಗಿರುವುದು ಹೊರಗಿನ ಲೈನ್ ಅಲ್ಲ, ಕಚೇರಿಯೊಳಗೇ ಇರುವ ವಿಳಾಸ ನೀಡುವ ಸರ್ವರ್.

ವಿಳಾಸದ ಗುತ್ತಿಗೆ

ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. ಒಂದೇ ವಿಳಾಸ ಎರಡು ಯಂತ್ರಗಳಿಗೆ ಇರಕೂಡದು. ಹಿಂದೆ ಈ ವಿಳಾಸಗಳನ್ನು ಒಂದೊಂದು ಯಂತ್ರದಲ್ಲಿಯೂ ಕೈಯಿಂದ ನಮೂದಿಸಲಾಗುತ್ತಿತ್ತು. ಆ ಕೆಲಸವನ್ನು ತಾನೇ ಮಾಡುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ನಿಯಮಾವಳಿ ಮೊದಲು 1993ರಲ್ಲಿ ಪ್ರಕಟವಾಯಿತು. 1997ರ ಮಾರ್ಚ್‌ನಲ್ಲಿ ಪರಿಷ್ಕೃತವಾದ ರೂಪವೇ ಇಂದಿನ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ.

ಇದರ ಕ್ರಮ ವರ್ತಕರಿಗೆ ಅಪರಿಚಿತವಾದುದಲ್ಲ. ಹೊಸದಾಗಿ ಬಂದ ಯಂತ್ರವು ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎಂದು ಜಾಲದಲ್ಲಿ ಎಲ್ಲರಿಗೂ ಕೇಳುವಂತೆ ಸಾರುತ್ತದೆ. ಸರ್ವರ್ ಒಂದು ವಿಳಾಸವನ್ನು ಕೊಡಲು ಮುಂದಾಗುತ್ತದೆ. ಯಂತ್ರವು ಅದನ್ನೇ ಕೊಡಬೇಕೆಂದು ಕೋರುತ್ತದೆ. ಸರ್ವರ್ ಒಪ್ಪಿಗೆ ನೀಡುತ್ತದೆ. ವಿಚಾರಣೆ, ದರಪಟ್ಟಿ, ಖರೀದಿ ಆದೇಶ, ಆದೇಶದ ದೃಢೀಕರಣ ಎಂಬ ನಾಲ್ಕು ಕಾಗದಗಳಿದ್ದಂತೆ ಇಲ್ಲಿಯೂ ನಾಲ್ಕು ಸಂದೇಶಗಳು. ವಿಳಾಸದ ಜೊತೆಗೆ ಜಾಲದ ಹೊರಬಾಗಿಲು ಯಾವುದು, ಜಾಲತಾಣಗಳ ಹೆಸರನ್ನು ಹುಡುಕಿ ಕೊಡುವ ಸರ್ವರ್ ಯಾವುದು ಎಂಬ ಮಾಹಿತಿಯನ್ನೂ ಇದೇ ಸರ್ವರ್ ನೀಡುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ವಿಳಾಸವನ್ನು ಶಾಶ್ವತವಾಗಿ ಕೊಡಲಾಗುವುದಿಲ್ಲ. ನಿಗದಿತ ಅವಧಿಯ ಗುತ್ತಿಗೆಗೆ ಕೊಡಲಾಗುತ್ತದೆ. ಬೇರೆ ಏರ್ಪಾಡು ಮಾಡದಿದ್ದಲ್ಲಿ ಸಿಸ್ಕೋ ರೂಟರ್‌ಗಳು ಒಂದು ದಿನದ ಗುತ್ತಿಗೆಯನ್ನೂ ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್ ಎಂಟು ದಿನಗಳ ಗುತ್ತಿಗೆಯನ್ನೂ ನೀಡುತ್ತವೆ. ಅರ್ಧ ಅವಧಿ ಕಳೆದಾಗ ಯಂತ್ರವು ನವೀಕರಣಕ್ಕಾಗಿ ಅದೇ ಸರ್ವರನ್ನು ಕೇಳುತ್ತದೆ. ಉತ್ತರ ಬಾರದಿದ್ದರೆ ಅವಧಿಯ ಎಂಟರಲ್ಲಿ ಏಳು ಭಾಗ ಕಳೆದ ಮೇಲೆ ಯಾವುದೇ ಸರ್ವರ್ ಆದರೂ ಸರಿ ಎಂದು ಎಲ್ಲರನ್ನೂ ಕೇಳುತ್ತದೆ. ಅವಧಿ ಪೂರ್ತಿ ಮುಗಿದರೆ ವಿಳಾಸವನ್ನು ಬಿಟ್ಟುಕೊಡಲೇಬೇಕು. ಆಗ ವಿಂಡೋಸ್ ಯಂತ್ರವು 169.254 ಎಂದು ಆರಂಭವಾಗುವ ವಿಳಾಸವೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಈ ಸಂಖ್ಯೆ ಕಂಡಿತೆಂದರೆ ವಿಳಾಸದ ಸರ್ವರ್‌ನಿಂದ ಯಂತ್ರಕ್ಕೆ ಉತ್ತರ ತಲುಪಿಲ್ಲವೆಂದೇ ತಿಳಿಯಬೇಕು.

ದೋಷ ಇಂದು, ನಷ್ಟ ನಾಲ್ಕು ದಿನಗಳ ಮೇಲೆ

ಗುತ್ತಿಗೆಯ ಈ ಏರ್ಪಾಡು ಒಂದು ಅನುಕೂಲ; ಅದೇ ಒಂದು ಅಪಾಯವೂ ಹೌದು. ಎಂಟು ದಿನಗಳ ಗುತ್ತಿಗೆ ಇರುವ ಕಚೇರಿಯಲ್ಲಿ ಸರ್ವರ್ ಸೋಮವಾರ ಮೌನವಾಯಿತೆಂದು ಇಟ್ಟುಕೊಂಡರೆ, ಅಂದು ಬಹುತೇಕ ಯಾರಿಗೂ ಏನೂ ತಿಳಿಯುವುದಿಲ್ಲ. ಸೋಮವಾರವೇ ಗುತ್ತಿಗೆ ಪಡೆದ ಯಂತ್ರಗಳು ಶುಕ್ರವಾರ ನವೀಕರಣಕ್ಕೆ ಕೇಳಿ, ಉತ್ತರ ಸಿಗದೆ, ಆದರೂ ಸದ್ದಿಲ್ಲದೆ ಮುಂದುವರಿಯುತ್ತವೆ; ಅವು ನಿಲ್ಲುವುದು ಮುಂದಿನ ಮಂಗಳವಾರ. ಅದಕ್ಕಿಂತ ಮೊದಲೇ ಗುತ್ತಿಗೆ ಪಡೆದು ನಾಲ್ಕು ದಿನ ಕಳೆಯುತ್ತ ಬಂದಿದ್ದ ಯಂತ್ರಗಳು ಶುಕ್ರವಾರದ ವೇಳೆಗೇ ಒಂದೊಂದಾಗಿ ಬೀಳಲಾರಂಭಿಸುತ್ತವೆ. ಒಂದು ಯಂತ್ರ ನಡೆದು ಪಕ್ಕದ ಯಂತ್ರ ನಡೆಯದಿರುವ ವಿಚಿತ್ರಕ್ಕೆ ಕಾರಣವಿದು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ನಷ್ಟ ಸಂಭವಿಸಿದ ದಿನ ಒಂದು, ಪುಸ್ತಕದಲ್ಲಿ ಕಾಣಿಸಿಕೊಳ್ಳುವ ದಿನ ಮತ್ತೊಂದು.

ಇದು ಕೇವಲ ಕಲ್ಪನೆಯಲ್ಲ. 2025ರ ಜೂನ್ 10ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಭದ್ರತಾ ಪರಿಷ್ಕರಣೆಗಳನ್ನು ಅಳವಡಿಸಿದ ನಂತರ, ವಿಂಡೋಸ್ ಸರ್ವರ್‌ನ 2016, 2019, 2022 ಮತ್ತು 2025ರ ಆವೃತ್ತಿಗಳಲ್ಲಿ ವಿಳಾಸ ನೀಡುವ ಸೇವೆ ಆಗಾಗ್ಗೆ ಉತ್ತರ ಕೊಡುವುದನ್ನು ನಿಲ್ಲಿಸಬಹುದೆಂದು, ಇದರಿಂದ ಯಂತ್ರಗಳ ವಿಳಾಸ ನವೀಕರಣಕ್ಕೆ ಅಡ್ಡಿಯಾಗುವುದೆಂದು ಆ ಸಂಸ್ಥೆಯೇ ಒಪ್ಪಿಕೊಂಡಿತು. ಜುಲೈ ತಿಂಗಳ ಪರಿಷ್ಕರಣೆಯಲ್ಲಿ ಅದನ್ನು ಸರಿಪಡಿಸಲಾಯಿತು. ಭದ್ರತೆಗಾಗಿ ಪರಿಷ್ಕರಣೆಯನ್ನು ಶಿಸ್ತಿನಿಂದ ಅಳವಡಿಸಿದ ಕಚೇರಿಗಳೇ ಇಲ್ಲಿ ತೊಂದರೆಗೆ ಒಳಗಾದವು. ಪರಿಷ್ಕರಣೆ ಮಾಡಬಾರದೆಂಬುದು ಇದರ ಪಾಠವಲ್ಲ. ಮಾಡಿದ ಮೇಲೆ ಸೇವೆ ಉತ್ತರಿಸುತ್ತಿದೆಯೇ ಎಂದು ಕೇಳಿ ನೋಡಬೇಕೆಂಬುದು ಪಾಠ.

ಕೇಳಬೇಕಾದವರು ಯಾರು

ಹಾಗಾದರೆ ಕೇಳಿ ನೋಡುವುದು ಹೇಗೆ? ಅನೇಕ ಕಚೇರಿಗಳಲ್ಲಿ ಸರ್ವರ್‌ಗೆ ಒಂದು ‘ಪಿಂಗ್’ ಕಳುಹಿಸಿ, ಉತ್ತರ ಬಂದರೆ ಎಲ್ಲವೂ ಕ್ಷೇಮವೆಂದು ಭಾವಿಸಲಾಗುತ್ತದೆ. ಇದು ಸಾಲದು. ಪಿಂಗ್‌ಗೆ ಉತ್ತರಿಸುವುದು ಯಂತ್ರ. ವಿಳಾಸ ನೀಡುವುದು ಆ ಯಂತ್ರದೊಳಗೆ ನಡೆಯುವ ಒಂದು ಸೇವೆ. ಯಂತ್ರ ಜೀವಂತವಾಗಿದ್ದು ಸೇವೆ ನಿಂತಿರುವುದು ಸಾಧ್ಯ. ಬ್ಯಾಂಕಿನ ಬಾಗಿಲು ತೆರೆದಿದೆ, ಕಾವಲುಗಾರ ನಮಸ್ಕರಿಸುತ್ತಾನೆ ಎಂದ ಮಾತ್ರಕ್ಕೆ ಕೌಂಟರಿನಲ್ಲಿ ಹಣ ಕೊಡುವವರಿದ್ದಾರೆಂದು ಅರ್ಥವಲ್ಲ. ಸೇವೆಯನ್ನು ಪರೀಕ್ಷಿಸಬೇಕಾದರೆ ಅದೇ ಸೇವೆಯನ್ನು ಕೇಳಬೇಕು. ಅಂದರೆ ನಿಜವಾಗಿಯೂ ಒಂದು ವಿಳಾಸವನ್ನು ಬೇಡಿ, ಪಡೆದು, ಹಿಂದಿರುಗಿಸಬೇಕು.

ಇದನ್ನು ಉದ್ಯೋಗಿಯೊಬ್ಬರ ಗಣಕಯಂತ್ರದಿಂದ ಮಾಡಬಹುದು. ಆದರೆ ಆ ಯಂತ್ರಕ್ಕೆ ತನ್ನದೇ ಗುತ್ತಿಗೆ ಇರುತ್ತದೆ, ತನ್ನದೇ ತಂತಿ, ತನ್ನದೇ ದೋಷಗಳಿರುತ್ತವೆ. ಸಂಜೆ ಅದನ್ನು ಆರಿಸಿ ಹೋಗುತ್ತಾರೆ. ಆದ್ದರಿಂದ ಈ ಕೆಲಸಕ್ಕೆ ತಕ್ಕುದು ಹಗಲಿರುಳೂ ಎಚ್ಚರವಾಗಿರುವ ರೂಟರ್ ಅಥವಾ ಸ್ವಿಚ್. ಸಿಸ್ಕೋದ ಅನೇಕ ರೂಟರ್ ಮತ್ತು ಸ್ವಿಚ್‌ಗಳಲ್ಲಿ ‘ಐಪಿ ಎಸ್‌ಎಲ್‌ಎ’ ಎಂಬ ಸೌಲಭ್ಯವಿದ್ದು, ಅದರಲ್ಲಿ ಡಿಎಚ್‌ಸಿಪಿಗೆಂದೇ ಒಂದು ಪರೀಕ್ಷೆ ಇದೆ. ಉಪಕರಣವು ತಾನೇ ಗ್ರಾಹಕನಂತೆ ಸರ್ವರ್‌ನಿಂದ ವಿಳಾಸ ಕೇಳುತ್ತದೆ, ಅದು ಕೈಸೇರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ದಾಖಲಿಸುತ್ತದೆ, ನಂತರ ಆ ವಿಳಾಸವನ್ನು ಬಿಟ್ಟುಕೊಡುತ್ತದೆ. ನಿರ್ದಿಷ್ಟ ಅವಧಿಗೊಮ್ಮೆ ಈ ಪರೀಕ್ಷೆ ತಾನಾಗಿ ನಡೆಯುವಂತೆ ಏರ್ಪಡಿಸಬಹುದು. ಇಂತಹ ಸೌಲಭ್ಯವಿಲ್ಲದ ಅಗ್ಗದ ಉಪಕರಣಗಳಿರುವೆಡೆ, ಸದಾ ಚಾಲನೆಯಲ್ಲಿರುವ ಒಂದು ಸಣ್ಣ ಗಣಕಯಂತ್ರದಲ್ಲಿ ನಾಗಿಯೋಸ್‌ನಂತಹ ಉಚಿತ ನಿಗಾ ತಂತ್ರಾಂಶವನ್ನು ಅಳವಡಿಸಿ ಇದೇ ಕೆಲಸ ಮಾಡಿಸಬಹುದು.

ಉತ್ತರದಿಂದ ತಿಳಿಯುವ ಸಂಗತಿಗಳು

ಈ ಪರೀಕ್ಷೆಯಿಂದ ದೊರೆಯುವುದು ‘ಇದೆ’ ಅಥವಾ ‘ಇಲ್ಲ’ ಎಂಬ ಉತ್ತರ ಮಾತ್ರವಲ್ಲ. ಸರಿಯಾಗಿ ಓದಿದರೆ ದೋಷದ ಸ್ಥಳವನ್ನೂ ಅದು ಸೂಚಿಸುತ್ತದೆ.

ಮೊದಲನೆಯದಾಗಿ, ಸ್ವಿಚ್‌ನಿಂದ ಕೇಳಿದಾಗ ಉತ್ತರ ತಕ್ಷಣ ಬಂದು, ಉದ್ಯೋಗಿಯ ಯಂತ್ರ ಮಾತ್ರ ಬೆಳಿಗ್ಗೆ ಅರ್ಧ ನಿಮಿಷಕ್ಕೂ ಮೀರಿ ಕಾಯುತ್ತಿದ್ದರೆ ಸರ್ವರನ್ನು ದೂಷಿಸುವಂತಿಲ್ಲ. ಜಾಲದಲ್ಲಿ ಸಂದೇಶಗಳು ಸುತ್ತು ಸುತ್ತದಂತೆ ತಡೆಯಲು ಕೆಲವು ಸ್ವಿಚ್‌ಗಳು ಹೊಸದಾಗಿ ಜೋಡಣೆಯಾದ ಕಿಂಡಿಯನ್ನು 30 ಸೆಕೆಂಡುಗಳ ಕಾಲ ತಡೆಹಿಡಿಯುತ್ತವೆ. ಆ ಅವಧಿಯಲ್ಲಿ ಯಂತ್ರ ಕೇಳಿದ್ದು ಸರ್ವರ್‌ಗೆ ತಲುಪುವುದೇ ಇಲ್ಲ. ಗಣಕಯಂತ್ರಗಳ ಕಿಂಡಿಗಳಿಗೆ ಈ ತಡೆಯನ್ನು ತೆಗೆಯುವ ಒಂದು ಸಾಲಿನ ಆದೇಶವೇ ಇದಕ್ಕೆ ಪರಿಹಾರ. ಹೊಸ ಸರ್ವರ್ ಖರೀದಿಯ ಅಗತ್ಯವಿಲ್ಲ.

ಎರಡನೆಯದಾಗಿ, ಉತ್ತರ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿದರೆ ಗಾಬರಿಯಾಗಬೇಕಿಲ್ಲ. ಸಿಸ್ಕೋ ರೂಟರ್ ತಾನೇ ವಿಳಾಸ ನೀಡುತ್ತಿದ್ದಲ್ಲಿ, ಕೊಡುವ ಮುನ್ನ ಆ ವಿಳಾಸವನ್ನು ಬೇರಾರೂ ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡು ಬಾರಿ ಪಿಂಗ್ ಮಾಡಿ ತಲಾ ಅರ್ಧ ಸೆಕೆಂಡ್ ಕಾಯುತ್ತದೆ. ಇದು ವಿಳಂಬವಲ್ಲ, ಎಚ್ಚರಿಕೆ. ಕಳವಳಪಡಬೇಕಾದುದು ದಿನದಿಂದ ದಿನಕ್ಕೆ ಏರುತ್ತಿರುವ ಸಂಖ್ಯೆಯನ್ನು ಕಂಡಾಗ. ಆದ್ದರಿಂದಲೇ ಒಂದು ದಿನದ ಅಳತೆಗಿಂತ ತಿಂಗಳ ದಾಖಲೆಗೆ ಬೆಲೆ ಹೆಚ್ಚು.

ಮೂರನೆಯದಾಗಿ, ಸರ್ವರ್ ಆರೋಗ್ಯವಾಗಿದ್ದರೂ ಕೊಡಲು ವಿಳಾಸವೇ ಉಳಿದಿರದಿರಬಹುದು. ನೂರು ವಿಳಾಸಗಳನ್ನು ಮೀಸಲಿಟ್ಟ ಕಚೇರಿಯಲ್ಲಿ ಗಣಕಯಂತ್ರ, ಕ್ಯಾಮೆರಾ, ಹಾಜರಿ ಯಂತ್ರ, ಮುದ್ರಣಯಂತ್ರಗಳ ಜೊತೆಗೆ ಬಂದುಹೋಗುವ ಗ್ರಾಹಕರ ಮೊಬೈಲ್‌ಗಳೂ ವೈ-ಫೈ ಮೂಲಕ ಒಂದೊಂದು ವಿಳಾಸವನ್ನು ಎಂಟು ದಿನ ಹಿಡಿದಿಟ್ಟುಕೊಂಡರೆ ದಾಸ್ತಾನು ಬರಿದಾಗುವುದು ಸಹಜ. ಸರ್ವರ್‌ನ ಗುತ್ತಿಗೆ ಪಟ್ಟಿಯನ್ನು ನೋಡಿದೊಡನೆ ಇದು ಸ್ಪಷ್ಟವಾಗುತ್ತದೆ. ಅತಿಥಿಗಳಿಗೆ ಪ್ರತ್ಯೇಕ ಜಾಲ ಮತ್ತು ಕೆಲವು ಗಂಟೆಗಳ ಗುತ್ತಿಗೆ ಸಾಕು.

ನಾಲ್ಕನೆಯದಾಗಿ, ಉತ್ತರ ಕೊಟ್ಟ ಸರ್ವರ್ ಯಾವುದೆಂಬುದನ್ನೂ ನೋಡಬೇಕು. ಪ್ರತಿ ಉತ್ತರದಲ್ಲಿಯೂ ಸರ್ವರ್‌ನ ಗುರುತು ಇರುತ್ತದೆ. ಉದ್ಯೋಗಿಯೊಬ್ಬರು ಅನುಕೂಲಕ್ಕೆಂದು ಮನೆಯ ವೈ-ಫೈ ಪೆಟ್ಟಿಗೆಯನ್ನು ತಂದು ಕಚೇರಿಯ ತಂತಿಗೆ ಸಿಕ್ಕಿಸಿದರೆ ಅದೂ ವಿಳಾಸ ಹಂಚಲು ತೊಡಗಬಹುದು. ಅದರಿಂದ ತಪ್ಪು ವಿಳಾಸ ಪಡೆದ ಯಂತ್ರ ದಾರಿ ತಪ್ಪುತ್ತದೆ; ಇದನ್ನೇ ದುರುದ್ದೇಶದಿಂದ ಮಾಡಿದರೆ ಕಚೇರಿಯ ಸಂದೇಶಗಳು ಅನ್ಯರ ಕೈ ಸೇರುತ್ತವೆ. ನಂಬಿಕೆಯ ಕಿಂಡಿಯಿಂದಲ್ಲದೆ ಬೇರೆಡೆಯಿಂದ ವಿಳಾಸ ಹಂಚದಂತೆ ತಡೆಯುವ ‘ಡಿಎಚ್‌ಸಿಪಿ ಸ್ನೂಪಿಂಗ್’ ಎಂಬ ವ್ಯವಸ್ಥೆ ನಿರ್ವಹಣಾ ಸೌಲಭ್ಯವುಳ್ಳ ಅನೇಕ ಸ್ವಿಚ್‌ಗಳಲ್ಲಿ ಲಭ್ಯವಿದ್ದು, ಅದನ್ನು ಚಾಲನೆಗೊಳಿಸಿಕೊಳ್ಳುವುದು ಒಳಿತು.

ಕೊನೆಯದಾಗಿ, ಗೋದಾಮು ಮತ್ತು ಶಾಖೆಗಳ ವಿಷಯ. ವಿಳಾಸ ಕೇಳುವ ಸಾರ್ವತ್ರಿಕ ಕರೆ ರೂಟರನ್ನು ದಾಟುವುದಿಲ್ಲ. ಪ್ರಧಾನ ಕಚೇರಿಯ ಸರ್ವರ್‌ನಿಂದಲೇ ಗೋದಾಮಿಗೂ ವಿಳಾಸ ಕೊಡಬೇಕಾದರೆ ಅಲ್ಲಿನ ರೂಟರ್ ಆ ಕರೆಯನ್ನು ಮುಂದಕ್ಕೆ ತಲುಪಿಸಬೇಕು. ಪ್ರಧಾನ ಕಚೇರಿಯಲ್ಲಿ ಪರೀಕ್ಷೆ ಯಶಸ್ವಿಯಾಗಿ, ಗೋದಾಮಿನ ರೂಟರ್‌ನಿಂದ ಮಾಡಿದ ಪರೀಕ್ಷೆ ವಿಫಲವಾದರೆ ದೋಷ ಇವೆರಡರ ನಡುವಿನ ದಾರಿಯಲ್ಲಿದೆ ಎಂದಾಯಿತು. ಆದುದರಿಂದ ಪರೀಕ್ಷೆಯು ಒಂದೇ ಕಡೆಯಲ್ಲದೆ ಪ್ರತಿ ಸ್ಥಳದ ಉಪಕರಣದಿಂದಲೂ ನಡೆಯಬೇಕು.

ಯಾರ ದೋಷಕ್ಕೆ ಯಾರ ದಂಡ

ಇಷ್ಟೆಲ್ಲ ಶ್ರಮ ಏಕೆ ಎಂಬ ಪ್ರಶ್ನೆಗೆ ತೆರಿಗೆ ಕಾನೂನೇ ಉತ್ತರ ನೀಡುತ್ತದೆ. ಮಾಸಿಕ ವಿವರಪಟ್ಟಿ ಸಲ್ಲಿಸುವ ವರ್ತಕರು ಜಿಎಸ್‌ಟಿಆರ್-1ನ್ನು 11ನೇ ತಾರೀಖಿನೊಳಗೆ, ಜಿಎಸ್‌ಟಿಆರ್-3ಬಿಯನ್ನು 20ನೇ ತಾರೀಖಿನೊಳಗೆ ಸಲ್ಲಿಸಬೇಕು. 3ಬಿ ತಡವಾದರೆ ತೆರಿಗೆ ಬಾಕಿ ಇರುವವರಿಗೆ ಕೇಂದ್ರ ಮತ್ತು ರಾಜ್ಯದ ಪಾಲು ಸೇರಿ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ತಡವಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಶುಲ್ಕಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. ಜಿಎಸ್‌ಟಿಆರ್-1 ಗಡುವು ಮೀರಿದರೆ ಆ ಬಿಲ್ಲುಗಳು 14ನೇ ತಾರೀಖು ಸಿದ್ಧವಾಗುವ ಖರೀದಿದಾರರ 2ಬಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅವರ ಹೂಡುವಳಿ ತೆರಿಗೆ ಜಮೆ ಮುಂದಿನ ತಿಂಗಳಿಗೆ ಹೋಗುತ್ತದೆ. ಹಣ ಸಿಲುಕಿಕೊಂಡ ಗ್ರಾಹಕರು ಮುಂದಿನ ಬಾರಿ ಬೇರೆ ಮಾರಾಟಗಾರರನ್ನು ನೋಡಿಕೊಂಡರೆ ಅಚ್ಚರಿಯಿಲ್ಲ. 50,000 ರೂಪಾಯಿಗೂ ಮೀರಿದ ಸರಕಿಗೆ ಇ-ವೇ ಬಿಲ್ ಸಿದ್ಧವಾಗದೆ ಲಾರಿ ಗೋದಾಮಿನ ಮುಂದೆ ನಿಂತರೆ ಅದರ ಬಾಡಿಗೆಯೂ ವರ್ತಕರ ತಲೆಗೇ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. 2025ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲ್‌ನಲ್ಲಿಯೇ ತೊಂದರೆ ಉಂಟಾದಾಗ, 2024ರ ಡಿಸೆಂಬರ್ ತಿಂಗಳ ಜಿಎಸ್‌ಟಿಆರ್-1ರ ಗಡುವನ್ನು ಜನವರಿ 13ರವರೆಗೆ ವಿಸ್ತರಿಸಲಾಯಿತು. ಎಲ್ಲರಿಗೂ ಆದ ತೊಂದರೆಗೆ ಸರ್ಕಾರದ ಅಧಿಸೂಚನೆ ಬರುತ್ತದೆ. ಒಂದು ಕಚೇರಿಯ ಮೂಲೆಯಲ್ಲಿರುವ ಸರ್ವರ್ ಮೌನವಾದುದಕ್ಕೆ ಯಾವ ಅಧಿಸೂಚನೆಯೂ ಬರುವುದಿಲ್ಲ. ದೋಷ ಹೊರಗಿನದೋ ಒಳಗಿನದೋ ಎಂಬುದನ್ನು ಹತ್ತು ನಿಮಿಷಗಳಲ್ಲಿ ತಿಳಿದುಕೊಂಡವರು ಬೇರೆ ಮಾರ್ಗದಿಂದ ಕೆಲಸ ಮುಗಿಸುತ್ತಾರೆ. ತಿಳಿಯದವರು ಪೋರ್ಟಲ್ ಸರಿಹೋಗಲೆಂದು ಕಾಯುತ್ತ ಕೂರುತ್ತಾರೆ.

ದಾಖಲೆಗೆ ಮತ್ತೊಂದು ಉಪಯೋಗವೂ ಇದೆ. 2022ರ ಏಪ್ರಿಲ್ 28ರ ನಿರ್ದೇಶನದ ಮೂಲಕ ಕೇಂದ್ರದ ಸರ್ಟ್-ಇನ್ ಸಂಸ್ಥೆಯು ಕಂಪನಿಗಳೂ ಸೇರಿದಂತೆ ವಿವಿಧ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ಕಾಪಿಡಬೇಕೆಂದು ವಿಧಿಸಿದೆ. ಯಾವ ಗಳಿಗೆಯಲ್ಲಿ ಯಾವ ವಿಳಾಸ ಯಾವ ಯಂತ್ರದ ಬಳಿ ಇತ್ತೆಂಬುದನ್ನು ಹೇಳುವುದು ವಿಳಾಸದ ಸರ್ವರ್‌ನ ದಾಖಲೆಯೇ. ಆನ್‌ಲೈನ್ ವಂಚನೆಯ ತನಿಖೆಯಲ್ಲಿ ಅದು ಮೂಲ ವೋಚರ್ ಇದ್ದಂತೆ.

ಆಕ್ಷೇಪಗಳು ಮತ್ತು ಸಲಹೆಗಳು

ಮುಖ್ಯ ಯಂತ್ರಗಳಿಗೆ ಕೈಯಿಂದಲೇ ಶಾಶ್ವತ ವಿಳಾಸ ಕೊಟ್ಟರೆ ಈ ತಾಪತ್ರಯವಿಲ್ಲ ಎನ್ನುವವರಿದ್ದಾರೆ. ಐದಾರು ಯಂತ್ರಗಳ ಅಂಗಡಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಒಂದೇ ವಿಳಾಸ ಎರಡು ಕಡೆ ನಮೂದಾಗುವ ಸಂಭವ ಹೆಚ್ಚುತ್ತದೆ. ಪಟ್ಟಿಯನ್ನು ನೆನಪಿಟ್ಟುಕೊಂಡಿದ್ದ ನೌಕರರು ಕೆಲಸ ಬಿಟ್ಟರೆ ಪಟ್ಟಿಯೂ ಹೋಗುತ್ತದೆ. ಸರ್ವರ್‌ನಲ್ಲಿಯೇ ಯಂತ್ರಕ್ಕೊಂದು ವಿಳಾಸವನ್ನು ಕಾಯ್ದಿರಿಸುವುದು ಇದಕ್ಕಿಂತ ಉತ್ತಮ ಮಾರ್ಗ. ನಿರ್ವಹಣಾ ಗುತ್ತಿಗೆದಾರರು ಇದನ್ನೆಲ್ಲ ನೋಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ನೋಡಿಕೊಳ್ಳುತ್ತಾರೆ ನಿಜ, ಆದರೆ ಕೇಳದ ಲೆಕ್ಕವನ್ನು ಯಾರೂ ತಾವಾಗಿ ಒಪ್ಪಿಸುವುದಿಲ್ಲ.

ಆದ್ದರಿಂದ ವರ್ತಕರು ಕೆಲವು ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ. ಕಚೇರಿಯಲ್ಲಿ ವಿಳಾಸ ನೀಡುವ ಸರ್ವರ್ ಯಾವುದು, ಎಲ್ಲಿದೆ, ಗುತ್ತಿಗೆಯ ಅವಧಿ ಎಷ್ಟು, ಮೀಸಲಿಟ್ಟ ವಿಳಾಸಗಳೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿಸಿ ಕಡತದಲ್ಲಿ ಇಡಬೇಕು. ಪ್ರತಿ ಸ್ಥಳದ ರೂಟರ್ ಅಥವಾ ಸ್ವಿಚ್‌ನಿಂದ ಐದು ಅಥವಾ ಹತ್ತು ನಿಮಿಷಗಳಿಗೊಮ್ಮೆ ಪರೀಕ್ಷೆ ನಡೆಯುವಂತೆಯೂ, ಸತತ ಮೂರು ಬಾರಿ ಉತ್ತರ ಬಾರದಿದ್ದರೆ ಸಂಬಂಧಪಟ್ಟವರಿಗೆ ಸಂದೇಶ ಹೋಗುವಂತೆಯೂ ಏರ್ಪಡಿಸಬೇಕು. ಪರೀಕ್ಷೆಗೆ ಪಡೆದ ವಿಳಾಸ ಹಿಂದಿರುಗುತ್ತಿದೆಯೇ ಎಂಬುದನ್ನು ಮೊದಲ ದಿನವೇ ನೋಡಬೇಕು. ಇಲ್ಲವಾದರೆ ಪರೀಕ್ಷೆಯೇ ದಾಸ್ತಾನನ್ನು ಬರಿದುಮಾಡೀತು. ಸರ್ವರ್‌ಗೆ ಪರಿಷ್ಕರಣೆ ಅಳವಡಿಸಿದ ದಿನ ಮತ್ತು ವಿವರಪಟ್ಟಿಯ ಗಡುವಿಗೆ ಎರಡು ದಿನ ಮೊದಲು ಫಲಿತಾಂಶವನ್ನು ವಿಶೇಷವಾಗಿ ಪರಿಶೀಲಿಸಬೇಕು. ವಹಿವಾಟು ದೊಡ್ಡದಾಗಿರುವೆಡೆ ಒಂದು ನಿಂತರೆ ಇನ್ನೊಂದು ಮುಂದುವರಿಸುವಂತೆ ಎರಡು ಸರ್ವರ್‌ಗಳನ್ನು ಜೋಡಿಸಬಹುದು. ವಿಂಡೋಸ್ ಸರ್ವರ್‌ನಲ್ಲಿ 2012ರ ಆವೃತ್ತಿಯಿಂದಲೇ ಈ ಸೌಲಭ್ಯವಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಒಂದು ಷರತ್ತನ್ನು ಸೇರಿಸಬೇಕು. ತಿಂಗಳ ಬಿಲ್ಲಿನ ಜೊತೆಗೆ ಆ ತಿಂಗಳಲ್ಲಿ ಎಷ್ಟು ಪರೀಕ್ಷೆ ನಡೆಯಿತು, ಎಷ್ಟು ವಿಫಲವಾಯಿತು, ಅತಿ ಹೆಚ್ಚು ವಿಳಂಬ ಎಷ್ಟು, ವಿಫಲತೆಗೆ ಕಂಡ ಕಾರಣವೇನು ಎಂಬ ಒಂದು ಪುಟದ ವರದಿ ಬರಬೇಕು. ವರದಿ ಇಲ್ಲದ ಬಿಲ್ಲನ್ನು ಪಾವತಿಗೆ ಅಂಗೀಕರಿಸಬಾರದು. ‘ಸರಿಪಡಿಸಲಾಯಿತು’ ಎಂಬ ಒಂದು ಪದದ ಚೀಟಿಗೆ ಹಣ ಕೊಡುವ ರೂಢಿ ನಿಲ್ಲುವುದು ಆಗಲೇ.

ಮಾಲೀಕರು ತಂತ್ರಜ್ಞರಾಗಬೇಕಿಲ್ಲ. ನಗದು ಎಣಿಸಲು ನಾಣ್ಯ ಟಂಕಿಸುವ ವಿದ್ಯೆ ಯಾರಿಗೂ ಬೇಕಾಗಿಲ್ಲ. ಎಣಿಸಬೇಕೆಂಬ ನಿಶ್ಚಯವಿದ್ದರೆ ಸಾಕು. ಪುಸ್ತಕದಲ್ಲಿ ಶಿಲ್ಕು ತೋರಿಸುತ್ತಿದೆ ಎಂದು ಪೆಟ್ಟಿಗೆ ತೆರೆಯದೆ ಬಿಡುವ ವ್ಯಾಪಾರಿ ಇಲ್ಲ. ಯಂತ್ರಗಳು ನಡೆಯುತ್ತಿವೆ ಎಂದು ಸರ್ವರನ್ನು ಕೇಳದೆ ಬಿಡುವುದೂ ಅಂತಹುದೇ ಅಜಾಗರೂಕತೆ. ಗುತ್ತಿಗೆಯ ಅವಧಿ ಮುಗಿಯುವ ಮೊದಲೇ, ಗಡುವಿನ ದಿನ ಬರುವ ಮೊದಲೇ, ಪ್ರತಿನಿತ್ಯ ಕೇಳಿ ಉತ್ತರ ಪಡೆಯುವ ಪದ್ಧತಿಯನ್ನು ಸದಸ್ಯ ವರ್ತಕರು ಈ ತಿಂಗಳಿನಿಂದಲೇ ಆರಂಭಿಸುವುದು ಅವರ ಹಿತಕ್ಕೂ ಅವರನ್ನು ನಂಬಿದ ಗ್ರಾಹಕರ ಹಿತಕ್ಕೂ ಅವಶ್ಯಕ.